ನುಂಗಿಕೊಂಡ ಮಾತುಗಳ ವರ್ಕ್‌ಶಾಪ್: ಹೋಗಿ ಬನ್ನಿ

ಸಂಸ್ಥೆಗಳು ಬದಲಾಗುವುದು, ಕಲಿಯುವುದು ಹೇಗೆ ಅನ್ನೋದರ ಬಗ್ಗೆ ಎರಡು ದಿನದ ವರ್ಕ್‌ಶಾಪ್ ಮುಗಿಸಿದೆ. ಪೂರ್ತಿ ನಿಂತಿರುವುದು ಯೇಲ್‌ನಲ್ಲಿ ಪಾಠ ಮಾಡಿ 1971ರಲ್ಲಿ ಹಾರ್ವರ್ಡ್‌ಗೆ ಬಂದ ಪ್ರೊಫೆಸರ್ ಕ್ರಿಸ್ ಆರ್ಜಿರಿಸ್ ಅವರ ಕೆಲಸದ ಮೇಲೆ. ಅವರ ಪ್ರಕಾರ ಕಲಿಕೆ ಎರಡು ಥರ. ಕೋಣೆ ತಣ್ಣಗಾದರೆ ಹೀಟರ್ ಹಾಕುವ ಥರ್ಮೋಸ್ಟಾಟ್‌ನದು ಸಿಂಗಲ್ ಲೂಪ್ ಕಲಿಕೆ, ಅಂದರೆ ಗುರಿಯನ್ನು ಪ್ರಶ್ನಿಸದೆ ತಪ್ಪನ್ನಷ್ಟೇ ಸರಿಮಾಡೋದು. ಇಷ್ಟೇ ಬಿಸಿ ಯಾಕಿರಬೇಕು ಅಂತ ಕೇಳಿದರೆ ಅದು ಡಬಲ್ ಲೂಪ್. ಎಷ್ಟು ಸರಳ, ಅಲ್ವಾ?

ನನ್ನನ್ನು ಅಲ್ಲಾಡಿಸಿದ್ದು ಮಾತ್ರ ಒಂದು ಹಾಳೆ. ಮಧ್ಯೆ ಗೆರೆ ಎಳೆದು ಬಲಗಡೆ ಮೀಟಿಂಗ್‌ನಲ್ಲಿ ಆಡಿದ ಮಾತು, ಎಡಗಡೆ ಆಗ ನುಂಗಿಕೊಂಡ ಮಾತು ಬರೆಯಬೇಕು. ಬಲಗಡೆ ‘ಒಳ್ಳೆ ಪ್ಲಾನ್ ಸರ್’ ಅಂತ ಬರೆದೆ. ಎಡಗಡೆ ‘ಇದು ನಡೆಯಲ್ಲ’. ಪೆನ್ನು ಅಲ್ಲೇ ನಿಂತಿತು.

ಎರಡನೇ ದಿನ ಸ್ಲೈಡ್ ಜಾಸ್ತಿ, ಅಭ್ಯಾಸ ಕಮ್ಮಿ. ಆದರೂ ಹೋಗಿ. ಒಬ್ಬರೇ ಬೇಡ, ಮ್ಯಾನೇಜರ್ ಸಮೇತ.