ಹಗಿನ್: ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ 360 ಡಿಗ್ರಿ ಫೋಟೋ, ನೀರಿನೊಳಗೂ

ಸುತ್ತಲೂ, ಮೇಲೂ, ಕೆಳಗೂ ಕಾಣುವ ಪೂರ್ತಿ 360 ಡಿಗ್ರಿ ಫೋಟೋ ಬೇಕು, ಆದರೆ ಹೊಸ ಕ್ಯಾಮೆರಾಗೆ ದುಡ್ಡು ಹಾಕುವ ಮನಸ್ಸಿಲ್ಲ ಎನ್ನುವವರಿಗೆ ನಾನು ಹೇಳುವ ಹೆಸರು ಒಂದೇ: ಹಗಿನ್. ಸುತ್ತ ತೆಗೆದ ಹಲವು ಫೋಟೋಗಳನ್ನು ಹೊಲಿದು ಒಂದೇ ಚಿತ್ರ ಮಾಡುವ ಸಾಫ್ಟ್‌ವೇರ್ ಇದು. ಕಾಸು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. 1998ರಲ್ಲಿ ಜರ್ಮನಿಯ ಹೆಲ್ಮುಟ್ ಡೆರ್ಷ್ ಬರೆದ ಪನೋರಮಾ ಟೂಲ್ಸ್ ಇದರ ಬೇರು. ನೋಡೋಕೆ ಹಳೇ ಕಾಲದ ಸಾಫ್ಟ್‌ವೇರ್ ಅನಿಸುತ್ತದೆ, ನಿಜ. ಕೆಲಸ ಮಾತ್ರ ಗಟ್ಟಿ.

ಮೊದಲು ನೆಲದ ಮೇಲಿನ ಮಾತು. ಎಷ್ಟು ಫೋಟೋ ಬೇಕು ಅನ್ನುವುದು ಲೆನ್ಸ್ ಮೇಲಿದೆ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಗೆ 8 ಎಂಎಂ ಫಿಶ್‌ಐ (ತೀರಾ ಅಗಲಕ್ಕೆ ಕಾಣುವ ಲೆನ್ಸ್) ಹಾಕಿ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಸುತ್ತ 6, ಮೇಲೆ 1, ಕೆಳಗೆ 1, ಅಷ್ಟೇ. ಕ್ಯಾಮೆರಾ ಜೊತೆಗೇ ಬರುವ 18 ಎಂಎಂ ಕಿಟ್ ಲೆನ್ಸ್ ಆದರೆ ಒಂದು ಸುತ್ತಿಗೆ 10ರಿಂದ 12, ಅಂಥ 3 ಸುತ್ತು ಹೊಡೆಯಬೇಕು, ಮೇಲಿನದು ಕೆಳಗಿನದು ಬೇರೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುವಲ್‌ನಲ್ಲಿಟ್ಟು ಮತ್ತೆ ಮುಟ್ಟಬೇಡಿ. ಕ್ಯಾಮೆರಾವನ್ನು ಒಂದೇ ಬಿಂದುವಿನ ಮೇಲೆ ತಿರುಗಿಸಲು ಸ್ಟ್ಯಾಂಡಿಗೆ ಹಾಕುವ ದುಬಾರಿ ಪನೋರಮಾ ಹೆಡ್ ಕೂಡ ಬೇಡ. ಲೆನ್ಸ್‌ಗೆ ಒಂದು ದಾರ ಕಟ್ಟಿ, ತುದಿಗೆ ಒಂದು ನಟ್ಟು ಇಳಿಬಿಟ್ಟು, ಅದು ನೆಲದ ಒಂದೇ ಗುರುತಿನ ಮೇಲೆ ನಿಲ್ಲುವ ಹಾಗೆ ನೀವೇ ಕ್ಯಾಮೆರಾ ಸುತ್ತ ತಿರುಗಿದರೆ ಸಾಕು. ದಾರ ಲೆನ್ಸಿನ ಯಾವ ಜಾಗದಲ್ಲಿ ಇರಬೇಕು? ಹತ್ತಿರದ ಒಂದು ಕಂಬ, ದೂರದ ಒಂದು ಕಂಬ ಒಂದೇ ಗೆರೆಗೆ ತಂದು ಕ್ಯಾಮೆರಾ ತಿರುಗಿಸಿ ನೋಡಿ. ಯಾವ ಬಿಂದುವಿನ ಮೇಲೆ ತಿರುಗಿಸಿದಾಗ ಆ ಎರಡೂ ಒಂದರಿಂದೊಂದು ಜರುಗುವುದಿಲ್ಲವೋ ಅದೇ ಜಾಗ. ಇದು ಸರಿ ಇದ್ದರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ.

ಹಗಿನ್ ಪಕ್ಕಪಕ್ಕದ ಫೋಟೋಗಳಲ್ಲಿ ಒಂದೇ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಇವೇ ಕಂಟ್ರೋಲ್ ಪಾಯಿಂಟ್. ಇವುಗಳ ಪಟ್ಟಿ ತೆರೆದು, ತಪ್ಪು ಜಾಸ್ತಿ ಇರುವವು ಮೇಲೆ ಬರುವ ಹಾಗೆ ಜೋಡಿಸಿ ಒಂದೊಂದನ್ನೇ ನೋಡಿ: ಯಾವುದೋ ಎಲೆ, ಮೋಡ, ನಡೆದು ಹೋದ ಮನುಷ್ಯ. ಅಳಿಸಿ, ಮತ್ತೆ ಆಪ್ಟಿಮೈಸ್ ಒತ್ತಿ, ಉಳಿದ ಗುರುತುಗಳಿಗೆ ತಕ್ಕಂತೆ ಫೋಟೋಗಳನ್ನು ಹೊಸದಾಗಿ ಜೋಡಿಸುತ್ತದೆ. ಒಂದೇ ಬಟನ್ನಿನ ಆ್ಯಪ್‌ಗಳಲ್ಲಿ ಹೊಲಿಗೆ ತಪ್ಪಿದರೆ ಏನೂ ಮಾಡೋಕಾಗಲ್ಲ, ಇಲ್ಲಿ ಎಲ್ಲಿ ತಪ್ಪಿದೆ ಅಂತ ಕಣ್ಣಿಗೇ ಕಾಣುತ್ತದೆ. ನನಗೆ ಹಗಿನ್ ಇಷ್ಟವಾಗಿರುವುದೇ ಇದಕ್ಕೆ.

ನೀರಿಗಿಳಿದರೆ ಲೆಕ್ಕ ಬದಲು. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಅನ್ನುವ ಅಳತೆ) ಸುಮಾರು 1.33. ಕ್ಯಾಮೆರಾ ಇಡುವ ವಾಟರ್‌ಪ್ರೂಫ್ ಕೇಸಿನ ಗಾಜು ಚಪ್ಪಟೆ ಇದ್ದರೆ 18 ಎಂಎಂ ಲೆನ್ಸ್ ಸುಮಾರು 24 ಎಂಎಂ ಥರ ನೋಡುತ್ತದೆ, ಅಂದರೆ ಕಾಣುವ ಅಗಲ ಕಡಿಮೆ. 180 ಡಿಗ್ರಿಯ ಫಿಶ್‌ಐಗೂ ಆ ಗಾಜಿನ ಹಿಂದಿನಿಂದ ಸುಮಾರು 97 ಡಿಗ್ರಿಗಿಂತ ಹೆಚ್ಚು ಕಾಣುವುದಿಲ್ಲ. ಅದಕ್ಕೇ ಫಿಶ್‌ಐ ಇದ್ದರೆ ಗುಮ್ಮಟದಂಥ ಗಾಜು ಬೇಕು. ಚಪ್ಪಟೆ ಗಾಜೇ ಇರೋದು ಅಂದರೆ ಪರವಾಗಿಲ್ಲ, ಫೋಟೋ ಜಾಸ್ತಿ ತೆಗೆಯಿರಿ, ಒಂದರ ಮೇಲೊಂದು ಶೇಕಡಾ 40ರಷ್ಟು ಬರಲಿ. ಫೋಟೋ ಫೈಲಿನಲ್ಲಿ 18 ಅಂತಲೇ ಬರೆದಿರುತ್ತದೆ, ಹಗಿನ್ ಅದನ್ನೇ ನಂಬುತ್ತದೆ. ಅಲ್ಲಿ 24 ಅಂತ ತಿದ್ದಿ, ಆಪ್ಟಿಮೈಸ್ ಮಾಡುವಾಗ ವ್ಯೂ (ಲೆನ್ಸ್ ಕಾಣುವ ಕೋನ) ಮತ್ತು ಬ್ಯಾರಲ್ (ಚಿತ್ರ ಉಬ್ಬುವ ದೋಷ) ಎರಡನ್ನೂ ಸೇರಿಸಿ. ಒಮ್ಮೆ ಚೆನ್ನಾಗಿ ಕೂತರೆ ಆ ಲೆನ್ಸ್ ಅಳತೆಯನ್ನು ಸೇವ್ ಮಾಡಿಟ್ಟುಕೊಳ್ಳಿ, ಮುಂದಿನ ಸಲ ಈ ಪಾಡಿಲ್ಲ.

ನೀರೊಳಗೆ ಕಂಟ್ರೋಲ್ ಪಾಯಿಂಟ್‌ಗಳು ಮೀನಿನ ಮೇಲೆ, ತೇಲುವ ಕಸದ ಮೇಲೆ, ಮರಳಿನ ಮೇಲೆ ಓಡಾಡುವ ಬಿಸಿಲ ಗೆರೆಗಳ ಮೇಲೆಲ್ಲ ಹೋಗಿ ಕೂರುತ್ತವೆ. ಅವನ್ನೆಲ್ಲ ಕಿತ್ತು ಬಂಡೆ, ಹವಳದ ಮೇಲಿನವನ್ನು ಮಾತ್ರ ಉಳಿಸಿ. ಎರಡು ಕಡೆ ಬಂದ ಮೀನಿಗೆ ಒಂದು ಫೋಟೋದಲ್ಲಿ ಮಾಸ್ಕ್ ಬಳಿದು ಆ ಜಾಗವನ್ನು ಮರೆಮಾಡಿದರೆ ಮುಗಿಯಿತು. ಇನ್ನೊಂದು ತೊಂದರೆ, ಅಲ್ಲಿ ಗೋಡೆ ಕಂಬ ಏನೂ ಇಲ್ಲ, ಚಿತ್ರ ಓರೆಯಾಗಿದ್ದರೆ ಸರಿ ಮಾಡುವುದು ಯಾವ ಆಧಾರದ ಮೇಲೆ? ಒಂದು ಕಲ್ಲಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಗೆ ತೇಲುವ ಖಾಲಿ ಡಬ್ಬಿ ಕಟ್ಟಿ. ಸೆಳೆತ ಇಲ್ಲದ ಕಡೆ ಅದು ನೆಟ್ಟಗೆ ನಿಲ್ಲುತ್ತದೆ. ಹಗಿನ್‌ನಲ್ಲಿ ಅದನ್ನೇ ಲಂಬ ಗೆರೆ ಅಂತ ಗುರುತು ಮಾಡಿ. ಕ್ಯಾಮೆರಾ ಜಾಗ ಬಿಟ್ಟು ತೇಲದ ಹಾಗೆ ನೋಡಿಕೊಳ್ಳಲೂ ಅದೇ ಹಗ್ಗ ಆಗುತ್ತದೆ. ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ಮಾಯವಾಗುತ್ತದೆ, ಹಾಗಾಗಿ ರಾ ಫೈಲ್ (ಕ್ಯಾಮೆರಾ ಬಣ್ಣ ತಿದ್ದದೆ ಕೊಡುವ ಫೈಲ್) ತೆಗೆದು, ಹೊಲಿಯುವ ಮೊದಲೇ ಎಲ್ಲಕ್ಕೂ ಒಂದೇ ತಿದ್ದುಪಡಿ ಕೊಡಿ.

ಕೊನೆಗೆ ಸಿಗುವುದು 2:1 ಅಳತೆಯ ಒಂದು ಚಿತ್ರ. ಪ್ಯಾನೆಲಮ್ ಎಂಬ ಉಚಿತ ವ್ಯೂವರ್‌ಗೆ ಹಾಕಿದರೆ ಬ್ರೌಸರ್‌ನಲ್ಲೇ ತಿರುಗಿಸಿ ನೋಡಬಹುದು.

ಯಾರಿಗೆ ಬೇಡ? ಮೀನಿನ ಹಿಂಡು ಸುತ್ತುವರಿದಾಗ ಆ ಕ್ಷಣವನ್ನೇ ಹಿಡಿಯಬೇಕು, ಅಥವಾ ವಿಡಿಯೋನೇ ಬೇಕು ಅನ್ನುವವರಿಗೆ. ಅವರು ಎರಡು ಲೆನ್ಸಿನ 360 ಕ್ಯಾಮೆರಾ ನೋಡಲಿ. ವಾಟರ್‌ಪ್ರೂಫ್ ಅಂತ ಬರೆದಿದ್ದರೂ ಬರೀ ಕ್ಯಾಮೆರಾ ಇಳಿಸಿದರೆ ಅದೇ ವಕ್ರೀಭವನದಿಂದ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ನೀರಿಗೆಂದೇ ಮಾಡಿದ ಗುಮ್ಮಟದ ಕೇಸನ್ನೂ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕು.