ಜೇಕಿಗೆ ಸೆಂಪ್ರಾ: ಸೀಮೆಹುಲ್ಲು ನೆಡುವ ಮೊದಲು, ಕಬ್ಬಿನಲ್ಲೇ ಹೊಡೆಯಿರಿ

ದನದ ಮೇವಿಗೆ ಬೆಳೆಯುವ ಸೀಮೆಹುಲ್ಲಿನ ತಾಕಿಗೆ ಜೇಕು ಎಂಬ ಗಡ್ಡೆ ಕಳೆ ಹೊಕ್ಕರೆ ಕಿತ್ತು ಮುಗಿಸುವ ಮಾತೇ ಇಲ್ಲ. ಎಳೆದರೆ ಎಲೆ, ಬುಡದ ಬಿಳಿ ದಂಟು ಕೈಗೆ ಬರುತ್ತವೆ. ಕಪ್ಪು ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಅದರಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆ, ಅದರಿಂದ ಮತ್ತೊಂದು, ಸರ ಪೋಣಿಸಿದ ಹಾಗೆ. ರೋಟವೇಟರ್ ಹೊಡೆದರೆ ಸರ ತುಂಡಾಗಿ, ಮಲಗಿದ್ದ ಗಡ್ಡೆಗಳೂ ಚಿಗುರುತ್ತವೆ.

ಗಡ್ಡೆಯವರೆಗೆ ಇಳಿಯುವ ಕಳೆ ಔಷಧಿಗಳಲ್ಲಿ ಧಾನುಕಾ ಕಂಪನಿಯ ಸೆಂಪ್ರಾ ನಂಬಬಹುದಾದದ್ದು. ಇದರಲ್ಲಿರುವುದು ಹ್ಯಾಲೋಸಲ್ಫ್ಯುರಾನ್ ಮೀಥೈಲ್ ಶೇ. 75, ಹರಳಿನ ರೂಪದಲ್ಲಿ. ಎಕರೆಗೆ 36 ಗ್ರಾಂ. ಆದರೆ ಒಂದು ಮಾತು ಮೊದಲೇ: ಇದಕ್ಕೆ ಶಿಫಾರಸು ಇರುವುದು ಕಬ್ಬಿನಂಥ ಬೆಳೆಗೆ, ಸೀಮೆಹುಲ್ಲಿಗಲ್ಲ. ನಿಂತ ಮೇವಿಗೆ ಹೊಡೆದು ಕರೆಯುವ ಹಸುವಿನ ಮುಂದೆ ಹಾಕುವುದು ಖಂಡಿತ ಬೇಡ. ಮೇವಿಗೆ ಬಿಡಬೇಕೆಂದಿರುವ ನೆಲದಲ್ಲಿ ಕಬ್ಬಿನ ಕೊನೆಯ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಇರುವಾಗಲೇ ಜೇಕಿನ ಲೆಕ್ಕ ತೀರಿಸಿಕೊಳ್ಳಿ.

36 ಗ್ರಾಂ ಹರಳನ್ನು ಹತ್ತು ಟ್ಯಾಂಕಿಗೆ ಕಣ್ಣಂದಾಜಿನಲ್ಲಿ ಹಂಚಲು ಹೋದವರೇ ಹೆಚ್ಚು ಕೆಡಿಸುವುದು. ಇಡೀ ಪೊಟ್ಟಣವನ್ನು ಬಕೆಟ್ಟಿಗೆ ಸುರಿದು, ಒಟ್ಟು ಒಂದು ಲೀಟರ್ ಆಗುವಂತೆ ನೀರಲ್ಲಿ ಕಲಕಿ. ಪ್ರತಿ 15 ಲೀಟರ್ ಟ್ಯಾಂಕಿಗೆ ಅದರಿಂದ 100 ಮಿ.ಲೀ. ಹಾಕಿ, ಪ್ರತಿ ಸಲ ತೆಗೆಯುವ ಮುನ್ನ ತಳದಿಂದ ಕಲಕಬೇಕು, ಇಲ್ಲವಾದರೆ ಮೊದಲ ಟ್ಯಾಂಕು ಸಪ್ಪೆ, ಕೊನೆಯದು ಖಾರ. ಹತ್ತು ಟ್ಯಾಂಕಿಗೆ 150 ಲೀಟರ್, ಒಂದು ಎಕರೆ. ಜೇಕಿನ ಎಲೆ ಮೇಣದ ನುಣುಪು, ಹನಿ ಜಾರುತ್ತದೆ. ಲೀಟರಿಗೆ 2 ಮಿ.ಲೀ. ಅಂಟುದ್ರವ ಸೇರಿಸಿ. ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಜಲ್ ಇರಲಿ.

ಜೇಕಿಗೆ 3ರಿಂದ 5 ಎಲೆ ಇರುವಾಗ ಹೊಡೆಯಿರಿ. ಅದಕ್ಕೂ ಎಳೆಯದಾದರೆ ಆಹಾರ ಇನ್ನೂ ಗಡ್ಡೆಯಿಂದ ಮೇಲಕ್ಕೇ ಹರಿಯುತ್ತಿರುತ್ತದೆ, ಔಷಧಿ ಕೆಳಗಿಳಿಯುವುದಿಲ್ಲ. ಕಂದು ತೆನೆ ಬಿಟ್ಟಿದ್ದರೆ ಅಷ್ಟರಲ್ಲಿ ಹೊಸ ಗಡ್ಡೆ ಕಟ್ಟಿಯಾಗಿರುತ್ತದೆ. ಒಣಗಿ ಬಾಡಿದ ಗಿಡಕ್ಕೂ ಹೊಡೆದು ಫಲವಿಲ್ಲ. ನೆಲದಲ್ಲಿ ತೇವ ಬೇಕು.

ಇದು ಬಲು ನಿಧಾನ. ಹಳದಿ ಕಾಣಲು ವಾರ ಹಿಡಿಯುತ್ತದೆ, ಒಣಗಲು ಎರಡು-ಮೂರು ವಾರ. ನಾಲ್ಕನೇ ದಿನ ಹಸಿರು ಕಂಡು 'ಔಷಧಿ ನಕಲಿ' ಎಂದು ಇನ್ನೊಮ್ಮೆ ಹೊಡೆಯಬೇಡಿ, ಗುದ್ದಲಿಯನ್ನೂ ಹಾಕಬೇಡಿ. ಎಲೆ ಕತ್ತರಿಸಿದರೆ ಔಷಧಿ ಇಳಿಯುವ ದಾರಿಯೇ ಮುಚ್ಚಿತು.

ಕೊರತೆಗಳೂ ಇವೆ. ಗರಿಕೆ ಇದಕ್ಕೆ ಜಗ್ಗುವುದಿಲ್ಲ. ಅದಕ್ಕೆ ಬೇಸಿಗೆ ಉಳುಮೆ, ಬಳ್ಳಿ ಆಯ್ದು ಒಣಗಿಸುವುದೇ ಗತಿ. ಕಬ್ಬಿನ ಸಾಲಲ್ಲಿ ಅಲಸಂದೆ, ಸೋಯಾ ಇದ್ದರೆ ಮುಟ್ಟಲೇಬೇಡಿ, ಅವಕ್ಕೆ ಪೆಟ್ಟು ಬೀಳಬಹುದು. ಒಂದೇ ಏಟಿಗೆ ನೆಲವೂ ಶುದ್ಧವಾಗದು: ಚಿಗುರದೆ ಮಲಗಿದ್ದ ಗಡ್ಡೆಗೆ ಔಷಧಿ ತಲುಪಿರುವುದಿಲ್ಲ. ಅದಕ್ಕೆ ಸೀಮೆಹುಲ್ಲಿನ ನೆರಳೇ ಮದ್ದು, ಜೇಕು ನೆರಳಿಗೆ ತಡೆಯುವುದಿಲ್ಲ. ನಾಟಿ ಮಾಡಿದ ಮೊದಲ ಆರು ವಾರ ಕೈಗಳೆ ತಪ್ಪಿಸಬೇಡಿ, ಸೀಮೆಹುಲ್ಲಿನ ಬುಡ ಸತ್ತ ಜಾಗಕ್ಕೆ ಕೂಡಲೇ ಹೊಸ ಕಾಂಡದ ತುಂಡು ನೆಡಿ. ಆ ಖಾಲಿ ಗುಳಿಯಲ್ಲೇ ಜೇಕು ಮತ್ತೆ ಏಳುವುದು.