ಪಂಪು ಹಾಕು ಎಂದರೆ ಮೂರು ತಂತ್ರಾಂಶಗಳಿಗೆ ತಿಳಿದದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯ ನಮ್ಮ ಅಡಿಕೆ ತೋಟದ ಪಂಪನ್ನು ಮಾತಿನಿಂದಲೇ ನಡೆಸಬೇಕೆಂಬ ಹುಚ್ಚು ಕಳೆದ ಬೇಸಗೆಯಲ್ಲಿ ಹಿಡಿಯಿತು. ಮಾತನ್ನು ಅಕ್ಷರಕ್ಕಿಳಿಸುವ ಕೆಲಸವನ್ನು ಹಳೆಯ ಲ್ಯಾಪ್‌ಟಾಪೇ ಮಾಡುತ್ತಿತ್ತು. ಅದು ಒಮ್ಮೊಮ್ಮೆ ‘ಪಂಪು’ ಎಂದದ್ದನ್ನು ‘ಪಂಪ’ ಎಂದು ಬರೆಯುತ್ತಿತ್ತು. ಆದಿಕವಿಯನ್ನು ಬಾವಿಗಿಳಿಸಿದ ಪಾಪ ನನ್ನದಲ್ಲ. ಹಾಗೆ ಬರೆದದ್ದರಲ್ಲಿ ಹೇಳಿದವರ ಉದ್ದೇಶವೇನೆಂದು ಹಿಡಿಯುವುದಕ್ಕೆ ಮೂರು ಬಗೆಯ ತಂತ್ರಾಂಶಗಳನ್ನು ಪಳಗಿಸಿ ನೋಡಿದೆ.

ಮೊದಲನೆಯದು ಪದ ಹುಡುಕುವ ಜಾತಿ. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಲೋಕಕ್ಕೆ ಪರಿಚಯಿಸಿದ ಎಲೈಜಾ ಎಂಬ ಹರಟೆಯ ತಂತ್ರಾಂಶ ಇದರ ಅಜ್ಜಿ: ಗುರುತಿನ ಪದ ಸಿಕ್ಕರೆ ಮೊದಲೇ ಕಟ್ಟಿಟ್ಟ ಉತ್ತರ. ‘ನೀರನ್ನು’, ‘ನೀರಿಗೆ’ ಎಲ್ಲವೂ ಸಿಗಲೆಂದು ಪದದ ಬುಡವನ್ನಷ್ಟೇ ಹುಡುಕಲು ಹೇಳಿದ್ದೆ. ಕೆಟ್ಟದ್ದು ಅಲ್ಲಿಯೇ. ಕನ್ನಡದಲ್ಲಿ ಆಜ್ಞೆ, ನಿಷೇಧ, ಪ್ರಶ್ನೆ ಮೂರೂ ಇರುವುದು ಕ್ರಿಯಾಪದದ ಬಾಲದಲ್ಲಿ: ಹಾಕು, ಹಾಕಬೇಡ, ಹಾಕಿದೆಯಾ. ಮೂರಕ್ಕೂ ಪಂಪು ಹೊರಟಿತು. ‘ನೀರಿನ ವಿಷಯ ಬಿಡು, ಊಟಕ್ಕೆ ಬಾ’ ಎಂದು ಅಮ್ಮ ಕರೆದಾಗಲೂ ಹೊರಟಿತು.

ಎರಡನೆಯದಕ್ಕೆ ಪದವಲ್ಲ, ಮಾದರಿ ವಾಕ್ಯಗಳನ್ನು ಉಣಿಸಬೇಕು. ಪ್ರತಿ ಉದ್ದೇಶಕ್ಕೂ ಮೂವತ್ತು ನಲವತ್ತು. ಹೊಸ ಮಾತು ಬಂದಾಗ ಅದು ಯಾವ ಗುಂಪಿಗೆ ಹತ್ತಿರ ಎಂದು ಅಂಕ ಕೊಡುತ್ತದೆ. ‘ಕೆಳಗಿನ ತೋಟಕ್ಕೆ ಅರ್ಧ ಗಂಟೆ’ ಎಂದರೆ ಜಾಗವನ್ನೂ ಸಮಯವನ್ನೂ ಬೇರೆ ಖಾನೆಗಳಲ್ಲಿ ತುಂಬಿಕೊಳ್ಳುತ್ತದೆ. ಸಿದ್ಧ ವಾಕ್ಯಗಳು ಇಲ್ಲವೆಂದಲ್ಲ. ಅಮೆಜಾನ್ 2022ರಲ್ಲಿ ಹೊರತಂದ ‘ಮ್ಯಾಸಿವ್’ ಸಂಗ್ರಹದಲ್ಲಿ 51 ಭಾಷೆಗಳಲ್ಲಿ 60 ಉದ್ದೇಶಗಳಿವೆ. ಕನ್ನಡ, ಮಲಯಾಳ ಎರಡೂ ಇವೆ, ತುಳು ಇಲ್ಲ. ಕಾಫಿ ಯಂತ್ರಕ್ಕೆ ಕೊಡುವ ಆಜ್ಞೆ ಅದರಲ್ಲಿದೆ, ಅಡಿಕೆಗೆ ನೀರು ಬಿಡುವುದು ಎಲ್ಲಿಂದ ಬರಬೇಕು? ಹಾಗಾಗಿ ಕುಳಿತು ನಾನೇ ಬರೆದೆ. ಕೆಲಸಕ್ಕೆ ಬರುವವರಲ್ಲಿ ಒಬ್ಬರು ನೀರು ಬಿಡು ಎನ್ನುವುದಕ್ಕೆ ಮಲಯಾಳದಲ್ಲಿ ‘ವೆಳ್ಳಂ ವಿಡ್’ ಎನ್ನುತ್ತಾರೆ. ಕನ್ನಡವಷ್ಟೇ ಬಲ್ಲ ಲ್ಯಾಪ್‌ಟಾಪು ಅದನ್ನು ವಿಚಿತ್ರವಾಗಿ ಬರೆಯುತ್ತಿತ್ತು, ಆದರೆ ಪ್ರತಿಸಲವೂ ಹೆಚ್ಚುಕಡಿಮೆ ಅದೇ ವಿಚಿತ್ರ! ಆ ತಪ್ಪು ಬರಹವನ್ನೇ ಮಾದರಿಯಾಗಿ ಸೇರಿಸಿದೆ, ಕೆಲಸ ಆಯಿತು. ಅಂಕ ಕಡಿಮೆಯಿದ್ದರೆ ‘ಪಂಪು ಹಾಕಲೇ?’ ಎಂದು ಮರಳಿ ಕೇಳುವಂತೆ ಮಾಡಿದ್ದೇನೆ. ‘ಹಾಕಿದೆಯಾ’ ಎಂಬುದಕ್ಕೆ ಈಗಲೂ ಒಮ್ಮೊಮ್ಮೆ ಕೇಳುತ್ತದೆ. ಕೇಳಲಿ.

ಮೂರನೆಯದು ಇಂಟರ್ನೆಟ್ಟಿನ ಆಚೆ ಕುಳಿತಿರುವ ದೊಡ್ಡ ಭಾಷಾ ಮಾದರಿ, ಅಂದರೆ ರಾಶಿಗಟ್ಟಲೆ ಬರಹದಿಂದ ಮೊದಲೇ ಭಾಷೆ ಕಲಿತ ತಂತ್ರಾಂಶ. ಉಣಿಸುವ ಗೋಜಿಲ್ಲ. ‘ಸೋಗೆ ಬಾಡಿದೆ’ ಎಂದರೆ ಸಾಕು, ನೀರು ಬೇಕೆಂದು ತಿಳಿಯುತ್ತದೆ. ‘ಮಳೆ ಬಾರದಿದ್ದರೆ ಸಂಜೆ ಹಾಕು’ ಎಂಬ ಷರತ್ತಿನ ಮಾತು ಅರ್ಥವಾದದ್ದು ಇದಕ್ಕೊಂದಕ್ಕೇ. ಉತ್ತರಕ್ಕೆ ತುಸು ಕಾಯಬೇಕು. ಪಂಪಿಗೆ ಅದೇನೂ ದೊಡ್ಡದಲ್ಲ. ಕರೆಂಟು ಹೋದರೆ ರೂಟರ್ ಸಾಯುತ್ತದೆ ಎಂಬ ದೂರಿಗೂ ಅರ್ಥವಿಲ್ಲ, ಪಂಪೂ ಅದರ ಜೊತೆಗೇ ನಿಲ್ಲುತ್ತದೆ. ತೊಂದರೆ ಅದರ ಅತಿ ಜಾಣತನ. ಅಮ್ಮ ಫೋನಿನಲ್ಲಿ ಚಿಕ್ಕಮ್ಮನೊಡನೆ ‘ತೋಟವೆಲ್ಲ ಒಣಗಿ ಹೋಯಿತು’ ಎಂದು ಸಂಕಟ ಹೇಳಿಕೊಂಡರೆ ಇದು ಮೋಟಾರು ತಿರುಗಿಸಿಬಿಟ್ಟಿತು. ಹೇಳಿದ್ದು ಯಾರಿಗೆ ಎಂಬ ವಿವೇಚನೆ ಅದಕ್ಕಿಲ್ಲ.

ಈಗ ಸ್ವಿಚ್ಚು ಎರಡನೆಯದರ ವಶದಲ್ಲಿದೆ. ಮೂರನೆಯದು ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟೆವೆಂಬ ಲೆಕ್ಕ ಹೇಳಬಹುದು, ಸ್ವಿಚ್ಚು ಮುಟ್ಟುವಂತಿಲ್ಲ. ಎರಡನೆಯದಕ್ಕೆ ಷರತ್ತಿನ ವಾಕ್ಯ ಕಲಿಸಲು ಇನ್ನೂ ದಾರಿ ಸಿಕ್ಕಿಲ್ಲ; ಸಂಜೆ ಮೋಡ ನೋಡುವ ಕೆಲಸ ಸದ್ಯ ನನ್ನದೇ.